ಪರಾಗದ ಪುಡಿ ಯಾಕೆ ಹಾರಿಹೋಗಲಿಲ್ಲ?

ಮಕ್ಕಳೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಈಶಾನ್ಯ ಭಾಗದಲ್ಲಿ, ಬೆಟ್ಟದ ಬುಡದಲ್ಲಿರುವ ಬಡಾವಣೆ ಬೆರ್ರಿಯೆಸಾ. ವಸಂತಕಾಲ ಬಂತೆಂದರೆ ಇಲ್ಲಿನ ಮರಗಳು ಪರಾಗ ಉದುರಿಸತೊಡಗುತ್ತವೆ. ಬೆಳಗಾಗುವಷ್ಟರಲ್ಲಿ ಮನೆಮುಂದಿನ ಕಾರಿನ ಮೈಮೇಲೆಲ್ಲ ತೆಳ್ಳಗೆ ಹಳದಿ ಪುಡಿ. ಆ ಕಾರು 680ನೇ ಹೆದ್ದಾರಿ ಹತ್ತಿ, ಗಂಟೆಗೆ 65 ಮೈಲಿ ವೇಗದಲ್ಲಿ ಫ್ರೀಮಾಂಟ್‌ವರೆಗೆ ಹೋಗಿ ಬರಲಿ. ಬಂದ ಮೇಲೆ ಬಾನೆಟ್ಟಿನ ಮೇಲೆ ಬೆರಳು ಎಳೆದು ನೋಡಿ. ಒಣ ಎಲೆ, ಕಸಕಡ್ಡಿ ಎಲ್ಲ ಹಾರಿಹೋಗಿರುತ್ತದೆ. ನುಣ್ಣನೆಯ ಪುಡಿ ಮಾತ್ರ ಬೆರಳಿಗೆ ಮೆತ್ತಿಕೊಳ್ಳುತ್ತದೆ.

65 ಮೈಲಿ ವೇಗ ಅಂದರೆ ಸೆಕೆಂಡಿಗೆ ಸುಮಾರು 29 ಮೀಟರ್ ಗಾಳಿ. ಅಂಥ ಗಾಳಿಗೆ ನಿಮ್ಮ ತಲೆಯ ಮೇಲಿನ ಟೋಪಿ ನಿಲ್ಲುವುದಿಲ್ಲ. ಉಫ್ ಎಂದರೆ ಹಾರಬೇಕಾದ ಪುಡಿ ಹೇಗೆ ನಿಂತಿತು? ಗಿರಗಿರ ತಿರುಗುವ ಫ್ಯಾನಿನ ರೆಕ್ಕೆಯ ಮೇಲೂ ಧೂಳು ಹೀಗೇ ಕೂತಿರುತ್ತದೆ. ಎರಡಕ್ಕೂ ಕಾರಣ ಒಂದೇ.

ಅಂಟಿಕೊಂಡ ಗಾಳಿ

ಗಾಳಿಗೆ ಒಂದು ಗುಣವಿದೆ. ಯಾವುದೇ ವಸ್ತುವಿನ ಮೈಯನ್ನು ಮುಟ್ಟಿದ ಗಾಳಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಕಾರಿನ ಮೈಗೆ ತಾಗಿಕೊಂಡಿರುವ ಗಾಳಿ ಕಾರಿನ ಜೊತೆಗೇ ಹೋಗುತ್ತದೆ. ಕಾರಿನ ಮೇಲೆ ಕೂತ ಪುಡಿಯ ಕಣ್ಣಿನಿಂದ ನೋಡಿದರೆ ಆ ಗಾಳಿ ನಿಂತೇ ಇದೆ. ಅದರ ಮೇಲಿನ ಗಾಳಿ ಮೆಲ್ಲಗೆ ಜಾರುತ್ತದೆ, ಇನ್ನೂ ಮೇಲಿನದು ಸ್ವಲ್ಪ ಜೋರಾಗಿ. ಹೀಗೆ ಮೇಲೆ ಮೇಲೆ ಹೋದಂತೆ ವೇಗ ಏರಿ, ಕೊನೆಗೆ ಪೂರ್ತಿ ಗಾಳಿಯ ವೇಗಕ್ಕೆ ಮುಟ್ಟುತ್ತದೆ. ಇಸ್ಪೀಟು ಎಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲಿನ ಎಲೆಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳಿದರೆ ಆಗುವುದೂ ಇದೇ: ಅಡಿಯ ಎಲೆ ಕದಲುವುದಿಲ್ಲ, ನಡುವಿನವು ಒಂದಿಷ್ಟು ಜಾರುತ್ತವೆ, ಮೇಲಿನದು ಎಲ್ಲಕ್ಕಿಂತ ಮುಂದೆ ಹೋಗಿರುತ್ತದೆ. ಎಲೆಗಳ ನಡುವೆ ಇರುವ ತಿಕ್ಕಾಟದಂಥದೇ ಗಾಳಿಯ ಪದರಗಳ ನಡುವೆಯೂ ಉಂಟು. ಅದಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಜೇನುತುಪ್ಪದಲ್ಲಿ ಅದು ಬಹಳ, ಗಾಳಿಯಲ್ಲಿ ತೀರಾ ಕಡಿಮೆ.

ನಿಂತ ಗಾಳಿಯಿಂದ ಪೂರ್ತಿ ವೇಗದ ಗಾಳಿಯವರೆಗಿನ ಈ ತೆಳು ವಲಯಕ್ಕೆ ಗಡಿಪದರ ಎಂದು ಹೆಸರು. ಎಂಜಿನಿಯರುಗಳು ಬೌಂಡರಿ ಲೇಯರ್ ಅನ್ನುತ್ತಾರೆ. ಎಷ್ಟು ತೆಳು ಗೊತ್ತೇ? ಸೆಕೆಂಡಿಗೆ 3 ಮೀಟರ್ ವೇಗದ ತಂಗಾಳಿ 1 ಮೀಟರ್ ಉದ್ದದ ನುಣುಪಾದ ಮೇಜಿನ ಮೇಲೆ ಹಾದುಹೋಗುತ್ತಿದೆ ಎನ್ನಿ. ಮೇಜಿನ ಕೊನೆಯಲ್ಲಿ ಗಡಿಪದರದ ದಪ್ಪ ಸುಮಾರು 11 ಮಿಲಿಮೀಟರ್, ನಿಮ್ಮ ಕಿರುಬೆರಳಿನ ಅಗಲದಷ್ಟು. ಮೇಜಿನ ಶುರುವಿನಿಂದ ಕಾಲು ಮೀಟರ್ ದೂರದಲ್ಲಿ ಅದರ ಅರ್ಧ. ನಾಲ್ಕು ಪಟ್ಟು ದೂರ ಹೋದರೆ ಎರಡು ಪಟ್ಟು ದಪ್ಪ. ಗಾಳಿ ಶಾಂತವಾಗಿ ಹರಿಯುತ್ತಿರುವಷ್ಟು ಕಾಲ ನಿಯಮ ಇದು.

ಪರಾಗದ ಕಣವಂತೂ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದು ಕೂತಿರುವುದು ಪದರದ ಅಡಿಯಲ್ಲಿ, ಗಾಳಿ ಹೆಚ್ಚುಕಡಿಮೆ ನಿಂತಿರುವ ಜಾಗದಲ್ಲಿ. ಸಾಲದ್ದಕ್ಕೆ ಅಂಟಿಕೊಳ್ಳುವ ಗುಣವೂ ಇದೆ. ಅದಕ್ಕೇ ಕಾರು ತೊಳೆಯಲು ಗಾಳಿ ಸಾಲದು, ಬಟ್ಟೆ ಬೇಕು.

ಹತ್ತು ನಿಮಿಷದ ಭಾಷಣ

ಈ ಪದರದ ಗುಟ್ಟನ್ನು ಹೇಳಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. 1904ರಲ್ಲಿ ಹೈಡೆಲ್‌ಬರ್ಗ್ ಎಂಬ ಊರಿನಲ್ಲಿ ಗಣಿತಜ್ಞರ ಮಹಾಸಭೆ ನಡೆಯಿತು. 29 ವರ್ಷದ ಪ್ರಾಂಟ್ಲ್‌ಗೆ ಮಾತಾಡಲು ಸಿಕ್ಕಿದ್ದು ಹತ್ತೇ ನಿಮಿಷ. ಅವರ ಬಳಿ ಕೈಯಿಂದ ಚಕ್ರ ತಿರುಗಿಸಿ ನೀರು ಹರಿಸುವ ಒಂದು ಪುಟ್ಟ ಕಾಲುವೆಯಿತ್ತು. ನೀರಿನಲ್ಲಿ ಹೊಳೆಯುವ ಕಣಗಳನ್ನು ತೇಲಿಬಿಟ್ಟು ಹರಿವು ಹೇಗೆ ಸಾಗುತ್ತದೆಂದು ಅವರು ನೋಡಿದ್ದರು.

ಗಾಳಿ, ನೀರು ಹರಿಯುವುದಕ್ಕೆ ನೇವಿಯರ್–ಸ್ಟೋಕ್ಸ್ ಸಮೀಕರಣಗಳು ಆಗಲೇ ಇದ್ದವು. ಆದರೆ ಅವನ್ನು ಬಿಡಿಸುವುದು ಯಾರಿಗೂ ಸುಲಭವಾಗಿರಲಿಲ್ಲ. ಪ್ರಾಂಟ್ಲ್ ಹೇಳಿದ್ದಿಷ್ಟು: ಇಡೀ ಆಕಾಶದ ಗಾಳಿಗೆ ತಿಕ್ಕಾಟದ ಲೆಕ್ಕ ಬೇಡ. ಗೋಡೆಗೆ ಅಂಟಿದ ತೆಳು ಪದರಕ್ಕೆ ಮಾತ್ರ ಸಾಕು. ಅದರ ಹೊರಗಿನ ಗಾಳಿಗೆ ತಿಕ್ಕಾಟವೇ ಇಲ್ಲವೆಂದು ಇಟ್ಟುಕೊಳ್ಳಿ. ಅಲ್ಲಿಗೆ ಸಮೀಕರಣ ಎಷ್ಟೋ ಹಗುರವಾಯಿತು. ನಾಲ್ಕು ವರ್ಷದ ನಂತರ, 1908ರಲ್ಲಿ, ಅವರ ಶಿಷ್ಯ ಬ್ಲಾಸಿಯಸ್ ಚಪ್ಪಟೆ ಹಲಗೆಯ ಮೇಲಿನ ಪದರವನ್ನು ಕೈಯಲ್ಲೇ ಲೆಕ್ಕ ಹಾಕಿದರು. ಮೇಲೆ ಹೇಳಿದ 11 ಮಿಲಿಮೀಟರ್ ಬಂದದ್ದು ಆ ಲೆಕ್ಕದಿಂದಲೇ.

ಚಪ್ಪಟೆ ಹಲಗೆಯೇನೋ ಸರಿ. ವಿಮಾನದ ರೆಕ್ಕೆ ಬಾಗಿದೆ, ಕಾರಿನ ಮೈ ಉಬ್ಬಿದೆ. ಅಲ್ಲೆಲ್ಲ ಸೂತ್ರಕ್ಕೆ ಸಿಗದ ಹರಿವನ್ನು ಸಂಖ್ಯೆಗಳಿಂದ ಹಿಡಿಯಬೇಕು. ಕೂಡಿ ಅರ್ಧ ಮಾಡಲು ಬಂದರೆ ಸಾಕು, ಅದು ಹೇಗೆಂದು ನೀವೂ ನೋಡಬಹುದು.

ಪೆನ್ಸಿಲ್ ತೆಗೆದುಕೊಳ್ಳಿ

ಗಾಳಿಯನ್ನು ಚೌಕಗಳಾಗಿ ಹೋಳು ಮಾಡೋಣ. ಒಂದು ಸಾಲಿನಲ್ಲಿ ಆರು ಚೌಕ. ಎಡಗಡೆಯ ಮೊದಲ ಚೌಕ ಲೋಹಕ್ಕೆ ಅಂಟಿದ ಗಾಳಿ, ಅದರ ವೇಗ ಯಾವಾಗಲೂ 0. ಬಲಕ್ಕೆ ಹೋದಂತೆ ಲೋಹದಿಂದ ದೂರ ದೂರ. ಮೊದಲಿಗೆ ಉಳಿದ ಎಲ್ಲ ಚೌಕಗಳ ವೇಗವೂ 16 ಇರಲಿ.

ಗಾಳಿ ಹಲಗೆಯ ಮೇಲೆ ಒಂದೊಂದು ಹೆಜ್ಜೆ ಮುಂದೆ ಸಾಗಿದಾಗಲೂ ಅಕ್ಕಪಕ್ಕದ ಪದರಗಳು ತಮ್ಮ ವೇಗವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ನಿಯಮ ಹೀಗೆ: ಮೊದಲನೆಯದನ್ನು ಬಿಟ್ಟು ಪ್ರತಿ ಚೌಕದ ಹೊಸ ಸಂಖ್ಯೆ ಅದರ ಎಡ ಬಲದ ಹಳೆಯ ಸಂಖ್ಯೆಗಳ ಸರಾಸರಿ. ಕೊನೆಯ ಚೌಕದ ಬಲಕ್ಕೂ 16 ಇದೆ ಎಂದುಕೊಳ್ಳಿ. ಲೆಕ್ಕ ಮಾಡುತ್ತಾ ಹೋಗಿ.

ಶುರುವಿನಲ್ಲಿ: 0, 16, 16, 16, 16, 16
ಮೊದಲ ಹೆಜ್ಜೆ: 0, 8, 16, 16, 16, 16
ಎರಡನೇ ಹೆಜ್ಜೆ: 0, 8, 12, 16, 16, 16
ಮೂರನೇ ಹೆಜ್ಜೆ: 0, 6, 12, 14, 16, 16
ನಾಲ್ಕನೇ ಹೆಜ್ಜೆ: 0, 6, 10, 14, 15, 16

ಏನಾಯಿತು ನೋಡಿ. ಲೋಹ ತಡೆದ ಸುದ್ದಿ ಒಂದೊಂದೇ ಚೌಕ ದಾಟಿ ಬಲಕ್ಕೆ ಹರಡಿತು. ಮೊದಲ ಹೆಜ್ಜೆಯಲ್ಲಿ ಒಂದೇ ಚೌಕ ನಿಧಾನವಾಗಿತ್ತು, ನಾಲ್ಕನೆಯ ಹೆಜ್ಜೆಗೆ ನಾಲ್ಕು ಚೌಕ ನಿಧಾನವಾಗಿವೆ. ಗಡಿಪದರ ದಪ್ಪವಾಗುವುದನ್ನು ನೀವೇ ಹಾಳೆಯ ಮೇಲೆ ತಂದಿರಿ. ನಿಜವಾದ ಲೆಕ್ಕದಲ್ಲಿ ಇನ್ನೂ ಕೆಲವು ಪದಗಳು ಸೇರುತ್ತವೆ: ನಿಧಾನವಾದ ಗಾಳಿ ಪಕ್ಕದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಬಾಗಿದ ಮೈಯ ಮೇಲೆ ಒತ್ತಡ ಬದಲಾಗುತ್ತದೆ. ಆದರೆ ಮೂಲ ಕೆಲಸ ಇದೇ, ಒಂದು ಸಾಲು ಮುಗಿಸು, ಅದರಿಂದ ಮುಂದಿನ ಸಾಲು ಹುಟ್ಟಿಸು.

ಹೆಜ್ಜೆ ಉದ್ದವಾದರೆ?

"ಇಷ್ಟೊಂದು ಹೆಜ್ಜೆ ಯಾಕೆ? ಉದ್ದುದ್ದ ಹೆಜ್ಜೆ ಹಾಕಿ ಬೇಗ ಮುಗಿಸೋಣ" ಅನ್ನಿಸುತ್ತದೆ ಅಲ್ಲವೇ? ಹಾಕಿ ನೋಡೋಣ. ಹೆಜ್ಜೆಯನ್ನು ಇಮ್ಮಡಿ ಮಾಡಿದರೆ ಬದಲಾವಣೆಯೂ ಇಮ್ಮಡಿಯಾಗಬೇಕು. 16 ಇದ್ದದ್ದು ಮೊದಲು 8 ಇಳಿಯುತ್ತಿತ್ತು, ಈಗ 16 ಇಳಿಯಬೇಕು. ಲೆಕ್ಕಕ್ಕೆ ಸುಲಭದ ದಾರಿ: ಎಡ ಬಲ ಎರಡನ್ನೂ ಕೂಡಿಸಿ, ತನ್ನ ಹಳೆಯ ಸಂಖ್ಯೆ ಕಳೆಯಿರಿ.

ಮೊದಲ ಹೆಜ್ಜೆ: 0, 0, 16, 16, 16, 16
ಎರಡನೇ ಹೆಜ್ಜೆ: 0, 16, 0, 16, 16, 16
ಮೂರನೇ ಹೆಜ್ಜೆ: 0, –16, 32, 0, 16, 16

ಇದೇನಿದು! ಒಂದು ಚೌಕದಲ್ಲಿ ಗಾಳಿ ಹಿಂದಕ್ಕೆ ಬೀಸುತ್ತಿದೆ, ಅದರ ಪಕ್ಕದಲ್ಲಿ ಹೊರಗಿನ ಗಾಳಿಗಿಂತ ಎರಡು ಪಟ್ಟು ಜೋರಾಗಿ ಬೀಸುತ್ತಿದೆ. ಹೀಗೇ ಮುಂದುವರಿಸಿದರೆ ಸಂಖ್ಯೆಗಳು ಸಾವಿರ, ಲಕ್ಷಕ್ಕೆ ಜಿಗಿಯುತ್ತವೆ. ಕೂಡಿದ್ದೂ ಕಳೆದದ್ದೂ ಸರಿಯಾಗಿಯೇ ಇದೆ. ಕೆಟ್ಟದ್ದು ಹೆಜ್ಜೆಯ ಉದ್ದ. ಚೌಕಗಳು ಎಷ್ಟು ಸಣ್ಣವೋ ಅದಕ್ಕೆ ತಕ್ಕಂತೆ ಹೆಜ್ಜೆಯೂ ಸಣ್ಣದಿರಬೇಕು. ಇಂಥ ಲೆಕ್ಕಗಳಲ್ಲಿ ಹೆಜ್ಜೆಗೆ ಒಂದು ಮಿತಿ ಇರುತ್ತದೆಂದು ಕೂರಾಂಟ್, ಫ್ರೀಡ್ರಿಕ್ಸ್, ಲೂವಿ ಎಂಬ ಮೂವರು 1928ರಲ್ಲೇ ತೋರಿಸಿಕೊಟ್ಟರು.

ತೊಡಕು ಬರುವುದು ಇಲ್ಲೇ. ಗೋಡೆಯ ಹತ್ತಿರ ವೇಗ ಸರಸರನೆ ಬದಲಾಗುವುದರಿಂದ ಅಲ್ಲಿ ಚೌಕಗಳು ತೀರಾ ಸಣ್ಣವಿರಬೇಕು. ಚೌಕವನ್ನು ಅರ್ಧ ಮಾಡಿದರೆ ಹೆಜ್ಜೆಯನ್ನು ಕಾಲು ಮಾಡಬೇಕು. ಲೆಕ್ಕ ಮುಗಿಯುವುದೇ ಇಲ್ಲ. ಇದಕ್ಕೂ ಉಪಾಯವಿದೆ. ಹೊಸ ಸಾಲಿನ ಚೌಕಗಳನ್ನು ಒಂದೊಂದಾಗಿ ಬಿಡಿಸದೆ, ಎಲ್ಲವನ್ನೂ ಒಂದಕ್ಕೊಂದು ಕಟ್ಟಿ ಒಟ್ಟಿಗೇ ಬಿಡಿಸುವುದು. ಹಾಗೆ ಮಾಡಿದರೆ ಹೆಜ್ಜೆ ಉದ್ದವಾದರೂ ಸಂಖ್ಯೆಗಳು ಹುಚ್ಚೆದ್ದು ಓಡುವುದಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಹರ್ಬರ್ಟ್ ಕೆಲ್ಲರ್ 1970ರ ದಶಕದ ಆರಂಭದಲ್ಲಿ ಕೊಟ್ಟ ಪೆಟ್ಟಿಗೆ ವಿಧಾನ ಈ ಜಾತಿಯದು. ಗಡಿಪದರದ ಲೆಕ್ಕಕ್ಕೆ ಅದು ಇವತ್ತಿಗೂ ಪಾಠದಲ್ಲಿದೆ.

ಶಾಂತಿ ಕದಡಿದಾಗ

ಇಷ್ಟು ಹೊತ್ತು ಹೇಳಿದ್ದು ಗಾಳಿ ಪದರ ಪದರವಾಗಿ, ಜಗಳವಿಲ್ಲದೆ ಸಾಗುವ ಕಥೆ. ಇದು ಲ್ಯಾಮಿನಾರ್ ಹರಿವು. ದೇವರ ಮುಂದಿನ ಊದುಬತ್ತಿಯ ಹೊಗೆ ನೋಡಿ. ಒಂದಷ್ಟು ಎತ್ತರ ನೆಟ್ಟಗೆ ದಾರದಂತೆ ಏರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸುರುಳಿ ಸುತ್ತಿ ಚೆದರುತ್ತದೆ. ಚೆದರಿದ ಭಾಗ ಟರ್ಬುಲೆಂಟ್, ಅಂದರೆ ಸುಳಿಗಳಿಂದ ತುಂಬಿದ ಹರಿವು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ಇದನ್ನೇ ತೋರಿಸಿದ್ದರು.

ಗಡಿಪದರದಲ್ಲೂ ಹೀಗೇ. ಹಲಗೆಯ ಮೇಲೆ ಒಂದಿಷ್ಟು ದೂರ ಶಾಂತ, ಆಮೇಲೆ ಸುಳಿ. ಆದರೆ ಶಾಂತಿ ಒಂದೇ ಗೆರೆಯಲ್ಲಿ ಥಟ್ಟನೆ ಮುಗಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಸುಳಿಯ ಮಚ್ಚೆ ಹುಟ್ಟಿ, ಹರಿವಿನ ಜೊತೆ ಸಾಗುತ್ತಾ ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಮಚ್ಚೆಗಳನ್ನು 1951ರಲ್ಲಿ ಗುರುತಿಸಿದವರು ಹಾರ್ವರ್ಡಿನ ಎಮ್ಮನ್ಸ್. ಅವು ಹಲಗೆಯ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುತ್ತವೆಯೋ, ಒಂದು ಕಿರಿದಾದ ಪಟ್ಟಿಯಲ್ಲೋ? ಇದಕ್ಕೆ ಉತ್ತರ ಕೊಟ್ಟವರು ನಮ್ಮವರೇ, ರೊದ್ದಂ ನರಸಿಂಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಬಳಿ ಕೆಲಸ ಮಾಡುತ್ತಿದ್ದ ಇಪ್ಪತ್ತನಾಲ್ಕರ ಹುಡುಗ 1957ರಲ್ಲಿ ಬರೆದರು: ಮಚ್ಚೆಗಳು ಹುಟ್ಟುವುದು ಒಂದು ಕಿರಿದಾದ ಪಟ್ಟಿಯಲ್ಲಿ. ಹಾಗೆಂದುಕೊಂಡರೆ, ಹಲಗೆಯ ಯಾವ ಜಾಗದಲ್ಲಿ ಎಷ್ಟು ಹೊತ್ತು ಸುಳಿ, ಎಷ್ಟು ಹೊತ್ತು ಶಾಂತಿ ಎಂಬ ಲೆಕ್ಕ ಅಳತೆಗೆ ಸರಿಯಾಗಿ ಹೊಂದುತ್ತಿತ್ತು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟರು, ಕನ್ನಡದಲ್ಲಿ ವಿಜ್ಞಾನ ಬರೆದವರು.

ಸುಳಿಗಳ ಲೆಕ್ಕ ಯಾಕೆ ಕಷ್ಟ? ದೊಡ್ಡ ಸುಳಿಯೊಳಗೆ ಸಣ್ಣ ಸುಳಿ, ಅದರೊಳಗೆ ಇನ್ನೂ ಸಣ್ಣದು. ಎಲ್ಲವನ್ನೂ ಹಿಡಿಯಬೇಕಾದರೆ ಚೌಕಗಳು ಅತಿ ಸಣ್ಣ ಸುಳಿಗಿಂತಲೂ ಸಣ್ಣವಿರಬೇಕು, ಒಂದು ಸಾಲಲ್ಲಿ ಅಲ್ಲ, ಉದ್ದ ಅಗಲ ಎತ್ತರ ಮೂರರಲ್ಲೂ. ಗಾಳಿಯ ವೇಗ ಇಮ್ಮಡಿಯಾದರೆ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟಾಗುತ್ತದೆ.

ಹತ್ತು ಮೈಲಿ ಆಚೆ

ಅಂಥ ಹೊರೆ ಹೊರಲು ಹೊರಟವರು ಬೆರ್ರಿಯೆಸಾದ ಹತ್ತಿರವೇ ಇದ್ದರು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿ, ಮೌಂಟನ್ ವ್ಯೂ ಊರಿನ ಮಾಫೆಟ್ ಫೀಲ್ಡ್‌ನಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ಇದೆ. 1939ರಲ್ಲಿ ಶುರುವಾದದ್ದು. 1944ರಲ್ಲಿ ಅಲ್ಲಿ ಕಟ್ಟಿದ ಗಾಳಿ ಸುರಂಗದ ಬಾಯಿ 40 ಅಡಿ ಎತ್ತರ, 80 ಅಡಿ ಅಗಲ. ಒಳಗೆ ಇಡೀ ವಿಮಾನವನ್ನೇ ನಿಲ್ಲಿಸಿ ಗಾಳಿ ಬೀಸಬಹುದು. ಅಳತೆಗಳು ಬಂದ ಮೇಲೆ ರಾಶಿ ರಾಶಿ ಸಂಖ್ಯೆ ಕೂಡಿ ಕಳೆಯಬೇಕಲ್ಲ, ಆ ಕಾಲದಲ್ಲಿ ಅದನ್ನು ಮಾಡುತ್ತಿದ್ದವರು ಮೇಜಿನ ಮೇಲಿನ ಲೆಕ್ಕದ ಯಂತ್ರ ಒತ್ತುತ್ತಾ ಸಾಲಾಗಿ ಕೂತ ಹೆಣ್ಣುಮಕ್ಕಳು.

1972ರಲ್ಲಿ ಏಮ್ಸ್‌ಗೆ ಇಲಿಯಾಕ್–4 ಎಂಬ ಕಂಪ್ಯೂಟರ್ ಬಂತು. ಅದರಲ್ಲಿ 64 ಲೆಕ್ಕದ ಘಟಕಗಳು ಒಂದೇ ಸಲ ಒಂದೇ ಬಗೆಯ ಲೆಕ್ಕ ಮಾಡುತ್ತಿದ್ದವು. ಚೌಕಗಳ ಲೆಕ್ಕಕ್ಕೆ ಹೇಳಿ ಮಾಡಿಸಿದ ಯಂತ್ರ: ಪ್ರತಿ ಚೌಕಕ್ಕೂ ನಿಯಮ ಒಂದೇ ತಾನೇ? ಅದರ ಮೇಲೆ ಪರ್ವೀಜ್ ಮೊಯಿನ್ ಮತ್ತು ಜಾನ್ ಕಿಮ್ ದೊಡ್ಡ ಸುಳಿಗಳನ್ನು ಲೆಕ್ಕ ಹಾಕಿ, ಸಣ್ಣವನ್ನು ಅಂದಾಜಿಗೆ ಬಿಟ್ಟರು. 1987ರಲ್ಲಿ ಅವರಿಬ್ಬರೂ ರಾಬರ್ಟ್ ಮೋಸರ್ ಜೊತೆಗೂಡಿ, ಯಾವ ಸುಳಿಯನ್ನೂ ಅಂದಾಜಿಗೆ ಬಿಡದೆ, ಎರಡು ಗೋಡೆಗಳ ನಡುವಿನ ಹರಿವನ್ನು ಸುಮಾರು 40 ಲಕ್ಷ ಬಿಂದುಗಳಲ್ಲಿ ಲೆಕ್ಕ ಹಾಕಿದರು. ಮರುವರ್ಷ ಅದೇ ಏಮ್ಸ್‌ನಲ್ಲಿ ಫಿಲಿಪ್ ಸ್ಪಲಾರ್ಟ್ ಚಪ್ಪಟೆ ಹಲಗೆಯ ಗಡಿಪದರವನ್ನು ಒಂದು ಕೋಟಿಯಷ್ಟು ಬಿಂದುಗಳಲ್ಲಿ ಹಿಡಿದರು. ಬೆಂಗಳೂರು ಕೂಡ ಸುಮ್ಮನೆ ಕೂತಿರಲಿಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿತು. ಹಲವು ಘಟಕ ಒಟ್ಟಿಗೆ ದುಡಿಯುವ ಕಂಪ್ಯೂಟರ್ ಭಾರತದಲ್ಲಿ ಆದದ್ದು ಅದೇ ಮೊದಲು, ಮತ್ತು ಅದು ಹುಟ್ಟಿದ್ದು ಹರಿವಿನ ಲೆಕ್ಕಕ್ಕಾಗಿ.

ಒಂದು ಇಡೀ ವಿಮಾನದ ಪ್ರತಿ ಸುಳಿಯನ್ನೂ ಲೆಕ್ಕ ಹಾಕುವುದು ಇವತ್ತಿನ ಕಂಪ್ಯೂಟರಿಗೂ ಆಗದ ಮಾತು. ಹಾಗಾದರೆ ವಿಮಾನ ಕಟ್ಟುವವರು ಏನು ಮಾಡುತ್ತಾರೆ? ಸರಾಸರಿ ವೇಗ ಮಾತ್ರ ಲೆಕ್ಕ ಹಾಕುತ್ತಾರೆ. ಸುಳಿಗಳು ವೇಗದ ಗಾಳಿಯನ್ನು ಕೆಳಗೆ, ನಿಧಾನದ ಗಾಳಿಯನ್ನು ಮೇಲೆ ಬೆರೆಸುತ್ತವಲ್ಲ, ಆ ಬೆರಕೆಯನ್ನು ಹೆಚ್ಚಿನ ಸ್ನಿಗ್ಧತೆ ಎಂದು ಇಟ್ಟುಕೊಳ್ಳುತ್ತಾರೆ. ಎಷ್ಟು ಹೆಚ್ಚು ಎಂದು ಹೇಳುವ ಸೂತ್ರಗಳು ಹಲವು, ಒಂದೊಂದೂ ಒಂದೊಂದು ಅಂದಾಜು. ಯಾವುದು ಸರಿ? 1968ರಲ್ಲಿ ಹತ್ತಿರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದು ಸಭೆ ಕರೆದು, ಬೇರೆ ಬೇರೆ ತಂಡಗಳ ಗಡಿಪದರದ ಲೆಕ್ಕಗಳನ್ನು ಪ್ರಯೋಗದ ಅಳತೆಗಳ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿತು. ಅದೇ ವಿಶ್ವವಿದ್ಯಾಲಯದ ಸ್ಟೀಫನ್ ಕ್ಲೈನ್ ಮತ್ತು ಜೊತೆಗಾರರು ಅದಕ್ಕೆ ಒಂದು ವರ್ಷ ಮೊದಲು ನೀರಿನಲ್ಲಿ ತೆಳು ತಂತಿಯಿಂದ ಹೈಡ್ರೋಜನ್ ಗುಳ್ಳೆಗಳನ್ನು ಬಿಟ್ಟು, ಗೋಡೆಯ ಹತ್ತಿರ ನಿಧಾನದ ನೀರು ಉದ್ದುದ್ದ ಗೆರೆಗಳಾಗಿ ಸಾಗುವುದನ್ನು ಬರೆದಿದ್ದರು. ಮುಂದೆ ಕಂಪ್ಯೂಟರಿನ ಲೆಕ್ಕದಲ್ಲೂ ಅದೇ ಗೆರೆಗಳು ಮೂಡಿದವು. ಲೆಕ್ಕದ ಮೇಲೆ ನಂಬಿಕೆ ಬಂದದ್ದು ಹೀಗೆ.

ಚೆಂಡು ಯಾಕೆ ವಾಲುತ್ತದೆ?

ಇಷ್ಟೆಲ್ಲ ತಿಳಿದ ಮೇಲೆ ಕ್ರಿಕೆಟ್ ಚೆಂಡಿನ ಗುಟ್ಟೂ ಬಿಡಿಸಬಹುದು. ಬೌಲರ್ ಚೆಂಡಿನ ಒಂದು ಮಗ್ಗುಲನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ನುಣುಪು ಮಾಡುತ್ತಾನೆ, ಸೀಮನ್ನು, ಅಂದರೆ ಚೆಂಡಿನ ನಡುವಿನ ಹೊಲಿಗೆಯನ್ನು, ಸ್ವಲ್ಪ ಓರೆಯಾಗಿ ಹಿಡಿದು ಎಸೆಯುತ್ತಾನೆ. ನುಣುಪಾದ ಮಗ್ಗುಲಲ್ಲಿ ಗಡಿಪದರ ಶಾಂತವಾಗಿರುತ್ತದೆ. ಅಂಥ ಪದರಕ್ಕೆ ತ್ರಾಣ ಕಡಿಮೆ, ಚೆಂಡಿನ ಮೈಯನ್ನು ಬೇಗ ಬಿಟ್ಟುಬಿಡುತ್ತದೆ. ಇನ್ನೊಂದು ಮಗ್ಗುಲಲ್ಲಿ ಗಾಳಿ ಸೀಮಿನ ಹೊಲಿಗೆಯನ್ನು ಎಡವಿ ಸುಳಿಯಾಗುತ್ತದೆ. ಸುಳಿಗಳು ಮೇಲಿನ ವೇಗದ ಗಾಳಿಯನ್ನು ಕೆಳಗೆ ತಂದು ಬೆರೆಸುವುದರಿಂದ ಆ ಪದರ ಹೆಚ್ಚು ದೂರದವರೆಗೆ ಅಂಟಿಕೊಂಡಿರುತ್ತದೆ. ಹಿಂದೆ ಬಿಡುವ ಗಾಳಿ ಒಂದು ಕಡೆಗೆ ವಾಲುತ್ತದೆ, ಚೆಂಡು ಅದರ ಎದುರು ಕಡೆಗೆ, ಅಂದರೆ ಸೀಮ್ ತೋರಿಸಿದ ಕಡೆಗೆ ವಾಲುತ್ತದೆ. ಇದೇ ಸ್ವಿಂಗ್.

ಏಮ್ಸ್‌ನಲ್ಲಿ ದುಡಿದ ರಬೀಂದ್ರ ಮೆಹ್ತಾ ಮತ್ತು ಜೊತೆಗಾರರು ಚೆಂಡುಗಳನ್ನು ಗಾಳಿ ಸುರಂಗಕ್ಕೆ ಉರುಳಿಸಿಬಿಟ್ಟು ಇದನ್ನು ಅಳೆದರು, 1983ರಲ್ಲಿ ಪ್ರಕಟಿಸಿದರು. ಸೀಮ್ 20 ಡಿಗ್ರಿ ಓರೆ, ವೇಗ ಸೆಕೆಂಡಿಗೆ 30 ಮೀಟರಿನ ಆಸುಪಾಸು ಇದ್ದಾಗ ಸ್ವಿಂಗ್ ಅತ್ಯಂತ ಹೆಚ್ಚು. ನೆನಪಿದೆಯೇ, 680ರ ಮೇಲಿನ ಕಾರಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ತುಂಬ ಜೋರಾಗಿ ಎಸೆದರೆ ನುಣುಪಾದ ಮಗ್ಗುಲೂ ತಾನಾಗಿಯೇ ಸುಳಿಯಾಗಿ ಸ್ವಿಂಗ್ ಕುಗ್ಗುತ್ತದೆ.

ಇನ್ನು ನಿಮ್ಮ ಸರದಿ. ಗ್ರಾಫ್ ಹಾಳೆಯ ಮೇಲೆ ಸರಾಸರಿಯ ಆಟವನ್ನು ಮುಂದುವರಿಸಿ. ಬಲಗಡೆ ಇನ್ನೂ ಐದಾರು ಚೌಕ ಸೇರಿಸಿ ಎಲ್ಲದರಲ್ಲೂ 16 ಬರೆದುಕೊಳ್ಳಿ. ಐದನೇ ಹೆಜ್ಜೆಯ ಮೊದಲ ಆರು ಚೌಕಗಳಲ್ಲಿ 0, 5, 10, 12½, 15, 15½ ಬಂದರೆ ನಿಮ್ಮ ಲೆಕ್ಕ ಸರಿ. ಹತ್ತನೆಯ ಹೆಜ್ಜೆಯವರೆಗೆ ಹೋಗಿ. ಆಮೇಲೆ ಕಂಪ್ಯೂಟರ್ ಕಲಿತವರು ಮನೆಯಲ್ಲಿದ್ದರೆ ಚೌಕಗಳನ್ನೂ ತಕ್ಕಷ್ಟು ಹೆಚ್ಚಿಸಿ ಸಾವಿರ ಹೆಜ್ಜೆ ಹಾಕಿಸಿ. ಉತ್ತರ ಬಂದ ಕೂಡಲೇ ನಂಬಬೇಡಿ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಲೆಕ್ಕ ಹಾಕಿ, ಉತ್ತರ ಹೆಚ್ಚು ಬದಲಾಗದಿದ್ದರೆ ಮಾತ್ರ ನಂಬಿ.